ಕಾಡು ಕುದುರೆಯನ್ನೇರಿ ಬಂದ ಕಂಠ

ಹೊರನಾಡಿನ ರಾಜ್ಯೋತ್ಸವ ವೇದಿಕೆಯಲ್ಲಿ ‘ಕಾಡು ಕುದುರೆ’ ಹಾಡು ಶುರುವಾದರೆ ಸಾಕು, ಸಾಹಿತ್ಯ ಬಾರದವರೂ ತಾಳ ಹಾಕತೊಡಗುತ್ತಾರೆ. ಹಳ್ಳಿಗರು ತಲೆಮಾರುಗಳಿಂದ ಹಾಡಿಕೊಂಡು ಬಂದ ಪದವಿದು ಎಂದು ನಂಬಿದವರೂ ಇದ್ದಾರೆ. ಅಸಲಿಗೆ ಇದು ಚಂದ್ರಶೇಖರ ಕಂಬಾರರ ರಚನೆ. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿ, ಬಯಲಾಟ, ಲಾವಣಿಗಳನ್ನು ಕೇಳುತ್ತ ಬೆಳೆದ ಕಂಬಾರರು ಈ ಹಾಡಿರುವ ‘ಕಾಡು ಕುದುರೆ’ ಚಿತ್ರವನ್ನು ತಾವೇ ನಿರ್ದೇಶಿಸಿದರು, ಸಂಗೀತವೂ ಅವರದೇ.

ಈ ಉತ್ತರ ಕರ್ನಾಟಕದ ಹಾಡಿಗೆ ಕಂಠ ಸಿಕ್ಕಿದ್ದು ಮಾತ್ರ ಮಲೆನಾಡಿನಲ್ಲಿ. ಶಿವಮೊಗ್ಗ ಸುಬ್ಬಣ್ಣ ಹುಟ್ಟಿದ್ದು 1938ರಲ್ಲಿ, ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿಯಾಗಿದ್ದ ‘ನಗರ’ ಎಂಬ ಊರಿನಲ್ಲಿ. ವೃತ್ತಿಯಿಂದ ವಕೀಲರು. ಹಾಡಿದ್ದೆಲ್ಲ ಹೆಚ್ಚಾಗಿ ಕವಿಗಳ ಪದ್ಯ. ಹಾಡುತ್ತಿದ್ದುದು ಆಕಾಶವಾಣಿಯಲ್ಲಿ, ಸುಗಮ ಸಂಗೀತದ ಸಭೆಗಳಲ್ಲಿ.

ಕಂಬಾರರ ಹಾಡು ಕೇಳುತ್ತಿದ್ದುದು ಬೇರೆಯದೇ ಕಸುವು. ಅದರಲ್ಲಿನ ಕುದುರೆ ಪಳಗದ ಪ್ರಾಣಿ, ಯಾರ ಲಗಾಮಿಗೂ ಸಿಗದ್ದು. ನಯವಾಗಿ ಹಾಡಿದರೆ ಅದು ನಿಂತಲ್ಲೇ ನಿಲ್ಲುತ್ತದೆ. ಸುಬ್ಬಣ್ಣ ದನಿ ಬಿಚ್ಚಿ, ಸಾಲಿನ ಕೊನೆಯನ್ನು ಬಯಲಿಗೆ ಕೂಗಿದಂತೆ ಎಳೆದು ಹಾಡಿದರು. ಆದರೂ ಒಂದಕ್ಷರ ಮಸುಕಾಗಲಿಲ್ಲ. ಕವಿತೆ ಹಾಡುವವನಿಗೆ ಮೊದಲು ಮಾತು ಮುಟ್ಟಬೇಕು ಎಂಬ ಸುಗಮ ಸಂಗೀತದ ಶಿಸ್ತು ಇಲ್ಲಿ ಕೈಹಿಡಿಯಿತು.

1978ನೇ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಈ ಹಾಡಿಗೆ ಬಂತು. ಹಿಂದಿನ ಸಾಲಿನಲ್ಲಿ ಅದು ಮೊಹಮ್ಮದ್ ರಫಿ ಅವರಿಗೆ ಸಂದಿತ್ತು, ಮುಂದಿನ ಸಾಲಿನಲ್ಲಿ ‘ಶಂಕರಾಭರಣಂ’ಗಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಸಂದಿತು. ಅಂಥ ಇಬ್ಬರು ದಿಗ್ಗಜರ ನಡುವೆ, ಸಿನಿಮಾ ಹಾಡನ್ನೇ ಕಸುಬಾಗಿಸಿಕೊಳ್ಳದ ಶಿವಮೊಗ್ಗದ ವಕೀಲರ ಹೆಸರು! ಕನ್ನಡ ಚಿತ್ರಗೀತೆಯ ಗಾಯನಕ್ಕೆ ಈ ಗೌರವ ದಕ್ಕಿದ್ದು ಅದೇ ಮೊದಲು.

ಇಷ್ಟಾದ ಮೇಲೂ ಸುಬ್ಬಣ್ಣ ಚಿತ್ರರಂಗದ ಬೇಡಿಕೆಯ ಗಾಯಕರ ಸಾಲಿಗೆ ಸೇರಲಿಲ್ಲ. ಪ್ರಶಸ್ತಿ ತಂದ ಹೆಸರೆಲ್ಲ ಸುಗಮ ಸಂಗೀತದ ಖಾತೆಗೆ ಜಮೆಯಾಯಿತು. ‘ಕಾಡು ಕುದುರೆ’ ಕೇಳಲೆಂದು ಬಂದ ಜನ ಕುವೆಂಪು ಅವರ ‘ಬಾರಿಸು ಕನ್ನಡ ಡಿಂಡಿಮವ’ವನ್ನೂ ಅವರ ಕಂಠದಲ್ಲಿ ಕೇಳಿ ಹೋಗುತ್ತಿದ್ದರು. 2022ರ ಆಗಸ್ಟ್‌ನಲ್ಲಿ ತೀರಿಕೊಳ್ಳುವ ಹೊತ್ತಿಗೆ ನಾಡು ಅವರನ್ನು ಗುರುತಿಸುತ್ತಿದ್ದುದು ಕವಿಗಳ ಗಾಯಕನೆಂದೇ. ಸಿನಿಮಾದ ಒಂದೇ ಹಾಡು ಅಷ್ಟು ಮಂದಿಯನ್ನು ಕನ್ನಡ ಕಾವ್ಯದ ಬಾಗಿಲಿಗೆ ಕರೆತಂದಿತ್ತು.