ಮದ್ದಿನ ಮನೆಯೂ ಮ್ಯಾಗಜೀನೇ



ನೀವೀಗ ಕೈಯಲ್ಲಿ ಹಿಡಿದಿರುವುದು ಮ್ಯಾಗಜೀನ್. ಶ್ರೀರಂಗಪಟ್ಟಣದಲ್ಲಿ ಅರ್ಧ ನೆಲದೊಳಗೆ ಹುದುಗಿರುವ ಇಟ್ಟಿಗೆ ಗಾರೆಯ ಮದ್ದಿನ ಮನೆಗಳನ್ನೂ ಇಂಗ್ಲಿಷರು ಕರೆದದ್ದು ಮ್ಯಾಗಜೀನ್ ಎಂದೇ. ಕಾಗುಣಿತ ಒಂದೇ, ಉಚ್ಚಾರಣೆಯೂ ಒಂದೇ. ನಮ್ಮ ಹುಡುಗನೊಬ್ಬ "ಟಿಪ್ಪುವಿನ ಮ್ಯಾಗಜೀನ್" ಎಂದು ಓದಿ, "ಸಾರ್, ಅದು ಉರ್ದುವಿನಲ್ಲಿತ್ತಾ, ಪಾರಸಿಯಲ್ಲಿತ್ತಾ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಆದರೆ ಅದು ನಗುವ ಪ್ರಶ್ನೆಯಲ್ಲ.

ಇಂಗ್ಲಿಷಿನಲ್ಲಿ ಬಾವಲಿಯೂ ಬ್ಯಾಟ್, ಕ್ರಿಕೆಟ್ ಆಡುವುದೂ ಬ್ಯಾಟ್. ಅವೆರಡಕ್ಕೂ ನೆಂಟಸ್ತಿಕೆಯಿಲ್ಲ. ಮ್ಯಾಗಜೀನ್ ಹಾಗಲ್ಲ, ಅದರ ಎರಡು ಅರ್ಥಗಳೂ ಒಂದೇ ಮನೆಯವು. ಮೂಲ ಅರಬ್ಬಿಯ ಮಖ್ಜನ್, ಬಹುವಚನ ಮಖಾಜಿನ್, ಅಂದರೆ ಉಗ್ರಾಣ. ನಾವು ದಿನವೂ ಆಡುವ ಖಜಾನೆಯೂ ಇದೇ ಧಾತುವಿನಿಂದ ಬಂದದ್ದು. ಇಟಲಿ, ಫ್ರಾನ್ಸ್ ದಾಟಿ ಇಂಗ್ಲಿಷಿಗೆ ಹೋದ ಪದ ಅಲ್ಲಿ ಮದ್ದುಗುಂಡಿನ ಕೋಠಿಯಾಯಿತು. 1731ರಲ್ಲಿ ಲಂಡನ್ನಿನ ಎಡ್ವರ್ಡ್ ಕೇವ್ ಎಂಬಾತ ತನ್ನ ಪತ್ರಿಕೆಗೆ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಎಂದು ಹೆಸರಿಟ್ಟ. ಬರಹಗಳ ಉಗ್ರಾಣ ಎಂಬುದು ಅವನ ಅಭಿಪ್ರಾಯ. 1901ರಲ್ಲಿ ಲಾಹೋರಿನ ಅಬ್ದುಲ್ ಖಾದಿರ್ ತಮ್ಮ ಉರ್ದು ಪತ್ರಿಕೆಗೆ 'ಮಖ್ಜನ್' ಎಂದೇ ಹೆಸರಿಟ್ಟರು. ಅಲ್ಲಾಮಾ ಇಕ್ಬಾಲರ 'ಹಿಮಾಲಾ' ಕವಿತೆ ಅದರ ಮೊದಲ ಸಂಚಿಕೆಯಲ್ಲೇ ಅಚ್ಚಾಯಿತು. ಊರು ಸುತ್ತಿ ಬಂದ ಪದ ಹೀಗೆ ತವರಿಗೆ ಮರಳಿತು.

ಕನ್ನಡವೇನೂ ಕಡಿಮೆಯಿಲ್ಲ. ಕಾಯಿಲೆಗೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಉರ್ದುವಿನ ದಾರು ಸಹ ಹಾಗೇ. ಅದಕ್ಕೆ ಮೂರನೆಯ ಅರ್ಥವೂ ಇದೆ, ನಿಮಗೆ ಗೊತ್ತು!

1799ರ ಮೇ 2ರಂದು ಇಂಗ್ಲಿಷರ ಗುಂಡೊಂದು ಕೋಟೆಯೊಳಗಿನ ರಾಕೆಟ್ ದಾಸ್ತಾನಿಗೆ ತಗುಲಿ ಭಾರಿ ಸ್ಫೋಟವಾಯಿತು. ಎರಡೇ ದಿನಕ್ಕೆ ಪಟ್ಟಣ ಬಿತ್ತು, ಸುಲ್ತಾನರು ಶಹೀದರಾದರು. ಉಳಿದ ಮದ್ದಿನ ಮನೆಗಳನ್ನು ಇಂದೂ ನೋಡಬಹುದು. ರೈಲುಹಳಿ ಜೋಡಿಯಾಗುವಾಗ ಅಡ್ಡ ಬಂದ ಒಂದನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಮಕ್ಕಳು ಪ್ರವಾಸಕ್ಕೆ ಬಂದಾಗ ಅದನ್ನು ನೋಡದೆ ಹೋಗಬೇಡಿ.

ಇನ್ನೊಂದು ಉಗ್ರಾಣವೂ ಅರಮನೆಯಲ್ಲಿತ್ತು: ಸುಮಾರು 2,000 ಸಂಪುಟಗಳ ಗ್ರಂಥಭಂಡಾರ. ಅದರಲ್ಲಿ ಬಹುಪಾಲು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ ಹೋಯಿತು. ಮುಂದೆ ಎಷ್ಟೋ ಗ್ರಂಥಗಳು ಲಂಡನ್ ಸೇರಿದವು. ಚಾರ್ಲ್ಸ್ ಸ್ಟೀವರ್ಟ್ ಅವುಗಳ ಪಟ್ಟಿಯನ್ನು 1809ರಲ್ಲಿ ಅಚ್ಚು ಹಾಕಿಸಿದ. ಹುಡುಗನಿಗೆ ನಾನು ಕೊಟ್ಟ ಉತ್ತರ ಆ ಪಟ್ಟಿಯದೇ: ಅದರಲ್ಲಿ ಅರಬ್ಬಿ ಇದೆ, ಪಾರಸಿ ಇದೆ, ನಮ್ಮ ಮನೆಮಾತು ದಖನಿಯೂ ಇದೆ.