ಹೀಟರ್ ಕೋರ್ ಸೋರಿಕೆ

ಕಾರಿನ ಡ್ಯಾಶ್‌ಬೋರ್ಡಿನ ಹಿಂದಿರುವ ಕಿರು ರೇಡಿಯೇಟರ್ ತೂತುಬಿದ್ದು, ಎಂಜಿನ್ನಿನ ಕೂಲಂಟ್ ಕಾರಿನೊಳಗೇ ಇಳಿಯುವ ದೋಷ. ಗ್ಯಾರೇಜಿನವರು ‘ಹೀಟರ್ ಕಾಯಿಲ್ ಲೀಕ್’ ಎನ್ನುವುದುಂಟು. ಎಂಜಿನ್ ಅತಿಯಾಗಿ ಕಾಯುವುದು ಇದರ ಕಾರಣವೂ ಆಗಬಹುದು, ಪರಿಣಾಮವೂ ಆಗಬಹುದು. ಹೀಟರ್ ಹಾಕುವ ಅಗತ್ಯವೇ ಅಪರೂಪವಾದ ಹೈದರಾಬಾದಿನಂಥ ಊರಲ್ಲಿ, ಇಂಥದೊಂದು ಭಾಗ ಇದೆಯೆಂದು ಎಷ್ಟೋ ಮಂದಿಗೆ ತಿಳಿಯುವುದು ಕಾಲಡಿಯ ಮ್ಯಾಟ್ ಒದ್ದೆಯಾದಾಗಲೇ.

ರಚನೆ

ಬೋನೆಟ್ಟಿನ ಕಡೆಯಿಂದ ಎರಡು ರಬ್ಬರ್ ಹೋಸುಗಳು ನಡುಗೋಡೆ ದಾಟಿ ಕೋರ್ ಸೇರುತ್ತವೆ; ಒಂದು ಬಿಸಿ ಕೂಲಂಟನ್ನು ತರುತ್ತದೆ, ಇನ್ನೊಂದು ಮರಳಿ ಒಯ್ಯುತ್ತದೆ. ಅನೇಕ ಕಾರುಗಳಲ್ಲಿ ಹೀಟರ್ ಗುಂಡಿ ತಿರುಗಿಸಿದರೆ ಬದಲಾಗುವುದು ಗಾಳಿಯ ದಾರಿ ಮಾತ್ರ. ಏಸಿ ಹಾಕಿಕೊಂಡು ಹೋಗುವಾಗಲೂ ಕೋರ್‌ನೊಳಗೆ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕೂಲಂಟ್ ಹರಿಯುತ್ತಲೇ ಇರುತ್ತದೆ. ಹೀಟರ್ ವಾಲ್ವ್ ಇರುವ ಕಾರುಗಳ ಕಥೆ ಬೇರೆ. ಅಲ್ಲಿ ವಾಲ್ವ್ ವರ್ಷಗಟ್ಟಲೆ ಮುಚ್ಚಿಯೇ ಇದ್ದು, ಒಳಗೆ ನಿಂತ ಕೂಲಂಟಿನ ಗಸಿ ಸಣ್ಣ ನಳಿಗೆಗಳಲ್ಲಿ ಕೂರಬಹುದು. ಬೋರ್‌ವೆಲ್ಲಿನ ಗಡಸು ನೀರು ತುಂಬಿಸಿದ್ದರೆ ತುಕ್ಕು, ಸುಣ್ಣದ ಪದರ ಎರಡೂ ಬೇಗ ಬರುತ್ತವೆ. ಹಿಮ ಕಟ್ಟದ ಊರಿನಲ್ಲಿ ಕೂಲಂಟ್ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ಅಲ್ಯೂಮಿನಿಯಂ ಕೋರ್‌ಗೆ ಮುಖ್ಯವಾಗಿ ಬೇಕಾದದ್ದು ಅದರಲ್ಲಿರುವ ತುಕ್ಕುನಿರೋಧಕ.

ಒತ್ತಡ ಮತ್ತು ಕುದಿ

ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದ ಹೈದರಾಬಾದಿನಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ 0.9 ಬಾರ್ ಒತ್ತಡವನ್ನು ಹಿಡಿದಿಟ್ಟರೆ ಅದೇ ನೀರಿನ ಕುದಿಬಿಂದು 118ರ ಹತ್ತಿರಕ್ಕೆ ಏರುತ್ತದೆ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಅರ್ಧಕ್ಕರ್ಧ ಬೆರೆತಿದ್ದರೆ 125ರ ಆಸುಪಾಸು. ಕೋರ್ ಸೋರತೊಡಗಿದರೆ ಈ ರಕ್ಷಣೆ ಹೋಗುತ್ತದೆ. ಕೂಲಂಟ್ ಇಳಿಯುವುದಷ್ಟೇ ಅಲ್ಲ, ಒತ್ತಡವೂ ಇಳಿದು, ನಿನ್ನೆ ಕುದಿಯದೆ ಇದ್ದ ಉಷ್ಣತೆಯಲ್ಲಿ ಇವತ್ತು ಕುದಿಯುತ್ತದೆ. ಎಂಜಿನ್ ಹೆಡ್ಡಿನಲ್ಲಿ ಉಗಿಯ ಗುಳ್ಳೆ ನಿಂತ ಕಡೆ ಲೋಹದ ಬಿಸಿಯನ್ನು ಒಯ್ಯುವವರಿಲ್ಲ. ಇದಕ್ಕಿಂತ ಅಪಾಯದ ಸಂಗತಿ ಉಷ್ಣತೆಯ ಮೀಟರಿನದು: ಸೆನ್ಸರ್ ಮುಳುಗಲು ಕೂಲಂಟೇ ಉಳಿದಿಲ್ಲವಾದರೆ ಮುಳ್ಳು ಮೇಲೇರದೆ ಕೆಳಗಿಳಿಯಬಹುದು. ಕಾದ ಎಂಜಿನ್ನಿನ ಮುಳ್ಳು ಏಕಾಏಕಿ ಕೆಳಗೆ ಬಿದ್ದರೆ ‘ತಣ್ಣಗಾಯಿತು’ ಎಂದು ನಂಬಿ ಓಡಿಸುವಂತಿಲ್ಲ. ಹಲವು ಸಣ್ಣ ಎಂಜಿನ್‌ಗಳಲ್ಲಿ ಹೆಡ್ಡಿನ ತಳ ಅತಿಯಾದ ಕಾವಿಗೆ ಕೇವಲ 0.05 ಮಿಲಿಮೀಟರಿಗಿಂತ ಹೆಚ್ಚು ಸೊಟ್ಟಗಾದರೂ ಲೇತ್‌ಗೆ ಕಳಿಸಿ ಫೇಸಿಂಗ್ ಮಾಡಿಸಬೇಕಾಗುತ್ತದೆ, ಇಲ್ಲವೇ ಹೆಡ್ಡನ್ನೇ ಬದಲಿಸಬೇಕಾಗುತ್ತದೆ.

ಇತಿಹಾಸ

ಎಥಿಲೀನ್ ಗ್ಲೈಕಾಲನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವುರ್ಟ್ಸ್ 1850ರ ದಶಕದಲ್ಲಿ ತಯಾರಿಸಿದ. ಕಾರಿಗೆ ಅದು ಬಂದದ್ದು 1920ರ ದಶಕದಲ್ಲಿ. ಬಿಸಿನೀರಿನ ಹೀಟರಿಗೆ ಹೊರಗಾಳಿ ಮತ್ತು ಫ್ಯಾನ್ ಸೇರಿಸಿದ ವ್ಯವಸ್ಥೆಯನ್ನು ಅಮೆರಿಕದ ನ್ಯಾಶ್ ಕಂಪನಿ 1938ರ ಮಾದರಿಗಳಲ್ಲಿ ತಂದಿತು. ನಮ್ಮಲ್ಲಿ ಅಂಬಾಸಿಡರ್, ಪದ್ಮಿನಿಗಳ ಕಾಲದ ಎಷ್ಟೋ ಕಾರುಗಳಿಗೆ ಹೀಟರೇ ಇರಲಿಲ್ಲ, ಹಾಗಾಗಿ ಈ ಕಾಯಿಲೆಯೂ ಇರಲಿಲ್ಲ. ಏಸಿ ಮತ್ತು ಹೀಟರ್ ಒಂದೇ ಪೆಟ್ಟಿಗೆಯಲ್ಲಿ ಕೂತ ಮೇಲೆ ಬೇಡದವರಿಗೂ ಹೀಟರ್ ಬಂತು.

ಗುರುತು

ಒಳಗೆ ನೀರು ಕಂಡ ಕೂಡಲೇ ಹೀಟರ್ ಕೋರನ್ನು ದೂರುವಂತಿಲ್ಲ. ಸೆಕೆಯೂರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಏಸಿ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿರುವುದನ್ನು. ಬಿಳಿ ಕಾಗದದ ಕರವಸ್ತ್ರವನ್ನು ಮ್ಯಾಟಿನಡಿ ಒತ್ತಿ ನೋಡಬೇಕು. ಬಣ್ಣ, ವಾಸನೆ ಇಲ್ಲದಿದ್ದರೆ ಬಹುಮಟ್ಟಿಗೆ ಏಸಿಯ ನೀರು. ಹಸಿರೋ ಗುಲಾಬಿಯೋ ಬಣ್ಣ ಹತ್ತಿ, ಬೆರಳಿಗೆ ಜಿಗುಟಾಗಿ, ಸಿಹಿ ವಾಸನೆ ಬಂದರೆ ಕೂಲಂಟ್. ಮುಂದಿನ ಗಾಜಿನ ಒಳಬದಿಗೆ ಒರೆಸಿದರೂ ಹೋಗದ ಎಣ್ಣೆಯಂಥ ಮಬ್ಬು ಕಟ್ಟುವುದು ಇನ್ನೊಂದು ಗುರುತು. ರುಚಿ ನೋಡಿ ಪರೀಕ್ಷಿಸುವುದು ಖಂಡಿತ ಕೂಡದು: ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮಕ್ಕಳು, ನಾಯಿಗಳು ನೆಕ್ಕದಂತೆ ನೋಡಿಕೊಳ್ಳಬೇಕು. ಹೊಟ್ಟೆಗೆ ಹೋದರೆ ಲಕ್ಷಣಗಳಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ದಾರಿಯಲ್ಲಿ

ಕಾದ ಎಂಜಿನ್ನಿಗೆ ‘ಹೀಟರ್ ಪೂರ್ತಿ ಹಾಕಿ’ ಎಂಬ ಹಳೆಯ ಉಪಾಯ ನಿಜಕ್ಕೂ ಕೆಲಸಮಾಡುತ್ತದೆ; ಎಂಜಿನ್ನಿನ ಒಂದಷ್ಟು ಬಿಸಿ ಕಾರಿನೊಳಗೆ ಬರುತ್ತದೆ. ಕೋರೇ ಸೋರುತ್ತಿದ್ದರೆ ಅದೇ ಉಪಾಯ ಉಗಿಯನ್ನು ಮುಖಕ್ಕೆ ಊದುತ್ತದೆ. ಆಗ ಬ್ಲೋವರ್ ನಿಲ್ಲಿಸಿ, ಕಿಟಕಿ ಇಳಿಸಿ, ಬದಿಗೆ ಹಾಕಿ ಎಂಜಿನ್ ಆರಿಸಬೇಕು. ಮುಂದೆ ಕೂತವರು ಕಾಲು ಎತ್ತಿಕೊಳ್ಳಬೇಕು. ರೇಡಿಯೇಟರಿನ ಮೇಲಿನ ಹೋಸ್ ಕೈಗೆ ತಣ್ಣಗೆ ಸಿಗುವವರೆಗೆ ಮುಚ್ಚಳ ತೆರೆಯಬಾರದು. ಲಾರಿಯವರು ರೇಡಿಯೇಟರಿಗೆ ಸುರಿಯುವ ಅರಿಶಿನ ಪುಡಿ ಸಣ್ಣ ತೂತನ್ನು ತಾತ್ಕಾಲಿಕವಾಗಿ ಮುಚ್ಚೀತು, ಆದರೆ ಕೋರ್‌ನ ಕಿರಿದಾದ ನಳಿಗೆಗಳನ್ನೂ ಮುಚ್ಚುತ್ತದೆ.

ಬಾಲಾನಗರ

ಸಿಕಂದರಾಬಾದಿನಿಂದ ಬೋಯಿನಪಲ್ಲಿ ಮಾರ್ಗವಾಗಿ ಬೀದರಿಗೆ ಹೊರಟವರು ಹೈದರಾಬಾದಿನ ಬಾಲಾನಗರ ದಾಟಿ ಕೂಕಟ್‌ಪಲ್ಲಿಯ ಹೆದ್ದಾರಿ ಹಿಡಿಯಬಹುದು. ಬಾಲಾನಗರದ ನರ್ಸಾಪುರ ಚೌರಸ್ತಾದ ದಟ್ಟಣೆ ತಗ್ಗಿಸಲು ಕಟ್ಟಿದ ಮೇಲ್ಸೇತುವೆ 2021ರ ಜುಲೈನಲ್ಲಿ ತೆರೆಯಿತು. ಇಂಥ ದಟ್ಟಣೆಯಲ್ಲಿ ನಿಂತು ನಿಂತು ಸಾಗುವಾಗ ರೇಡಿಯೇಟರಿಗೆ ಗಾಳಿ ಕೊಡುವುದು ಫ್ಯಾನ್ ಒಂದೇ. ಅದು ಕೆಟ್ಟಿದ್ದರೆ ದಟ್ಟಣೆಯಲ್ಲಿ ಏರಿದ ಮುಳ್ಳು ಜಹೀರಾಬಾದಿನ ಹೆದ್ದಾರಿಯಲ್ಲಿ ತಾನಾಗಿ ಇಳಿದುಬಿಡುತ್ತದೆ. ಹೆದ್ದಾರಿಯಲ್ಲೂ ಇಳಿಯದಿದ್ದರೆ ಸೋರಿಕೆ, ಥರ್ಮೋಸ್ಟಾಟ್, ನೀರಿನ ಪಂಪು, ಹೆಡ್ ಗ್ಯಾಸ್ಕೆಟ್ ನೋಡಬೇಕು.

ದುರಸ್ತಿ

ಕೋರ್‌ನ ಬೆಲೆಗಿಂತ ಡ್ಯಾಶ್‌ಬೋರ್ಡ್ ಬಿಚ್ಚಿ ಕೂರಿಸುವ ಕೂಲಿಯೇ ಸಾಮಾನ್ಯವಾಗಿ ಹೆಚ್ಚು; ಕೆಲವು ಕಾರುಗಳಲ್ಲಿ ಏಸಿ ಗ್ಯಾಸನ್ನೂ ತೆಗೆದು ಮತ್ತೆ ತುಂಬಬೇಕು. ಆದ್ದರಿಂದಲೇ ಮೆಕ್ಯಾನಿಕ್‌ಗಳು ‘ಬೈಪಾಸ್’ ಮಾಡುವುದುಂಟು: ಎರಡೂ ಹೋಸುಗಳನ್ನು ಎಂಜಿನ್ ಕಡೆಯಲ್ಲೇ ಯು ಆಕಾರದ ಪೈಪಿನಿಂದ ಜೋಡಿಸುವುದು. ದಖ್ಖನಿನ ಹವೆಗೆ ಇದು ಒಪ್ಪುವಂಥ ತಾತ್ಕಾಲಿಕ ಕ್ರಮ. ಮಳೆಗಾಲದ ಗಾಜಿನ ಮಂಜನ್ನು ಏಸಿಯೇ ಬಿಡಿಸುತ್ತದೆ. ಜೋಡಿಸುವ ಬದಲು ಹೋಸುಗಳಿಗೆ ಬಿರಡೆ ಹಾಕಿದರೆ, ಹೀಟರ್ ದಾರಿಯನ್ನೇ ಸುತ್ತುದಾರಿಯಾಗಿ ಬಳಸುವ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವ ಮುನ್ನ ಕೂಲಂಟಿನ ಹರಿವಿಗೆ ಅಡ್ಡಿಯಾಗಬಹುದು. ಯಾವ ಕ್ರಮ ಅನುಸರಿಸಿದರೂ ಕೂಲಂಟಿನ ದಾರಿಯಲ್ಲಿ ಸಿಕ್ಕಿಕೊಂಡ ಏರ್ ತೆಗೆಯಲೇಬೇಕು, ಒತ್ತಡ ಪರೀಕ್ಷೆ ಮಾಡಿಸಬೇಕು. ಗ್ಲೈಕಾಲ್ ಬೇಗ ಆರುವುದಿಲ್ಲವಾದ್ದರಿಂದ ಕಾರ್ಪೆಟ್ ಅಡಿಯ ಸ್ಪಂಜನ್ನು ಹೊರತೆಗೆದು ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು.