ಫ್ರೆಂಚ್ ಕಲಿಕೆಗೆ ಇಂಗ್ಲಿಷಿನ ಹಂಗೇಕೆ?

ಕನ್ನಡನಾಡಿಗೂ ಫ್ರೆಂಚರಿಗೂ ನಂಟು ಹಳೆಯದು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯನ್ನು ಕಂಡಿದ್ದರು. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಇತ್ತು. ಆದರೆ ಅದು ದಂಡು, ಮದ್ದುಗುಂಡಿನ ನಂಟು. ಅದರಿಂದ ಭಾಷೆಯ ವ್ಯಾಸಂಗ ಬೆಳೆಯಲಿಲ್ಲ. ಸಾಹಿತ್ಯ ಬಂದದ್ದು ತಡವಾಗಿ, ಹೆಚ್ಚಾಗಿ ಇಂಗ್ಲಿಷ್ ಅಧ್ಯಾಪಕರ ಕೈಯಿಂದ. ಮೋಲಿಯೇರನ ನಾಟಕ ‘ತಾರ್ತ್ಯೂಫ್’ ಎ.ಎನ್. ಮೂರ್ತಿರಾಯರ ‘ಆಷಾಢಭೂತಿ’ಯಾಯಿತು, ಕವಿ ಬೋದಿಲೇರ್ ಲಂಕೇಶರ ‘ಪಾಪದ ಹೂಗಳು’ ಮೂಲಕ ಕನ್ನಡಿಗನಾದ. ನೇರ ಹಾದಿ ಹಿಡಿದವರು ವಿರಳ. ಹಾವೇರಿಯ ವಸುಂಧರಾ ಫಿಲಿಯೋಜಾ ಪ್ಯಾರಿಸ್ಸಿಗೆ ಹೋಗಿ, ವಿಜಯನಗರದ ಆರಂಭದಿಂದ 1377ರವರೆಗಿನ ಶಾಸನಗಳ ಕುರಿತು ಫ್ರೆಂಚಿನಲ್ಲೇ ಬರೆದರು. ಆ ಗ್ರಂಥ 1973ರಲ್ಲಿ ಪ್ರಕಟವಾಯಿತು. ಕನ್ನಡದ ಪಾಂಡಿತ್ಯ ಮತ್ತು ಫ್ರೆಂಚ್ ಒಂದೇ ತಲೆಯಲ್ಲಿ ಕೂಡಿದರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು.

ವಿಶ್ವವಿದ್ಯಾಲಯಗಳು ಹಿಡಿದ ದಾರಿ ಬೇರೆ, ಇಂಗ್ಲಿಷಿನ ಮೂಲಕದ್ದು. ಬೆಂಗಳೂರಿನಲ್ಲಿ, ಧಾರವಾಡದಲ್ಲಿ ವಿದೇಶಿ ಭಾಷೆಗಳ ವಿಭಾಗಗಳು ಬೆಳೆದವು; ಪಿಯುಸಿಯಲ್ಲಿ ಫ್ರೆಂಚ್ ಅಂಕ ತರುವ ಭಾಷೆಯೆಂದು ನಗರದ ಮಕ್ಕಳಲ್ಲಿ ಹೆಸರಾಯಿತು. ಆದರೆ ಕನ್ನಡ, ಮರಾಠಿ ಎರಡೂ ನಡೆಯುವ ಗಡಿಭಾಗದ ಮಾತು ಬೇರೆ. ಅಲ್ಲಿನ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಾಲೇಜುಗಳು ಮೊದಲು ಧಾರವಾಡಕ್ಕೆ, 2010ರ ನಂತರ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದವು. ನಿಪ್ಪಾಣಿಯ ಹುಡುಗರಿಗಂತೂ ಗಡಿಯಾಚೆ ಅರ್ಜುನನಗರದ ದೇವಚಂದ ಕಾಲೇಜೂ ಹತ್ತಿರವೇ. ಅದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ್ದು. ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆ ಆಡುವ ಈ ಗಡಿಭಾಗದ ವಿದ್ಯಾರ್ಥಿಗೆ ಫ್ರೆಂಚನ್ನು ಇಂಗ್ಲಿಷಿನ ಮೂಲಕ ಕಲಿಸುವುದು ಕೈಯಲ್ಲಿದ್ದ ಬಂಡವಾಳವನ್ನು ಬದಿಗಿಟ್ಟು ಸಾಲ ಎತ್ತಿದಂತೆ. ನೀನು-ನೀವು ಭೇದ ಫ್ರೆಂಚಿನಲ್ಲಿದೆ, ಇಂದಿನ ಇಂಗ್ಲಿಷಿನಲ್ಲಿಲ್ಲ. ಕನ್ನಡದಲ್ಲಿ ನಿರ್ಜೀವ ವಸ್ತುಗಳೆಲ್ಲ ಸಾಮಾನ್ಯವಾಗಿ ನಪುಂಸಕಲಿಂಗ; ಮರಾಠಿಯಲ್ಲಿ ಖುರ್ಚಿ ಸ್ತ್ರೀಲಿಂಗ, ಫ್ರೆಂಚಿನಲ್ಲೂ ಹಾಗೆಯೇ. ಪ್ರತಿ ಪದದ ಲಿಂಗವೂ ಹೀಗೆ ಹೊಂದುವುದಿಲ್ಲ, ನಿಜ. ಆದರೆ ವಸ್ತುವಿಗೂ ಲಿಂಗವುಂಟು, ವಿಶೇಷಣ ಅದಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದು ಮರಾಠಿ ಬಲ್ಲವನಿಗೆ ಹೊಸ ಪಾಠವಲ್ಲ.

ಫ್ರೆಂಚನ್ನು ಫ್ರೆಂಚಿನಲ್ಲೇ ಕಲಿಸುವುದು ಇಂದಿನ ಪದ್ಧತಿ, ನಡುವೆ ಕನ್ನಡವೇಕೆ ಎನ್ನಬಹುದು. ತರಗತಿಯ ಮಾತು ಫ್ರೆಂಚೇ ಇರಲಿ. ಆದರೆ ತೊಡಕು ಬಂದಾಗ ವಿವರಣೆ ಯಾವುದೋ ಭಾಷೆಯಲ್ಲಿ ಬೇಕಾಗುತ್ತದೆ, ಪ್ರಶ್ನೆ ಅದರದು. ಇಂಗ್ಲಿಷೇ ಗಟ್ಟಿಯಿಲ್ಲದವರಿಗೆ ಇನ್ನೊಂದು ಹೊರೆಯೇಕೆ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಆದರೆ ಇಂಗ್ಲಿಷಿನ ಹೊಸ್ತಿಲನ್ನು ತೆಗೆದರೆ ಆ ಹೊರೆಯ ಅರ್ಧ ಇಳಿಯುತ್ತದೆ. ಕನ್ನಡ, ಮರಾಠಿ ವಿಭಾಗಗಳಿಗೆ ಕುತ್ತು ಬರುತ್ತದೆಂಬ ಭಯಕ್ಕೂ ಆಧಾರವಿಲ್ಲ. ಆ ಎರಡು ಭಾಷೆಗಳಲ್ಲಿ ವಿವರಿಸುವ ಈ ಕ್ರಮದಲ್ಲಿ ಅವನ್ನು ಚೆನ್ನಾಗಿ ಬಲ್ಲವರೇ ಅಧ್ಯಾಪಕರಾಗಬೇಕು. ನಿಜವಾದ ಕೊರತೆ ಅಂಥ ಅಧ್ಯಾಪಕರದು, ಕನ್ನಡದಲ್ಲಿ ಬರೆದ ಫ್ರೆಂಚ್ ವ್ಯಾಕರಣದ್ದು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಪದವಿ ಕೋರ್ಸಿನ ಮಾತು ಆಮೇಲೆ ಆಡಲಿ. ಮೊದಲು ಆ ವ್ಯಾಕರಣ ಬರೆಸಲಿ, ಚಿಕ್ಕೋಡಿಯಲ್ಲೋ ಅಥಣಿಯಲ್ಲೋ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ತೆರೆಯಲಿ.